ಆಸ್ಪತ್ರೆಯ ಬಾಗಿಲಿಗೆ ಬರುವ ಮುಂಚೆ: ಆರೋಗ್ಯದ ಹಕ್ಕಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಆರೋಗ್ಯದ ಹಕ್ಕಿನ ಬಗ್ಗೆ ಮಾತಾಡಲು ಹೋದಲ್ಲೆಲ್ಲ ಕೆಲವು ಪ್ರಶ್ನೆಗಳು ತಿರುಗಿ ತಿರುಗಿ ಬರುತ್ತವೆ. ಪತ್ರಗಳಲ್ಲೂ ಅವೇ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಇಟ್ಟಿದ್ದೇನೆ. ಸುಲಭದವು ಮೊದಲು, ಕಷ್ಟದವು ಆಮೇಲೆ. ಯಾವುದನ್ನು ಬೇಕಾದರೂ ಬಿಡಿಯಾಗಿ ಓದಬಹುದು.

## ಮೊದಲು ಕೇಳುವವು

ಆರೋಗ್ಯದ ಹಕ್ಕು ಅಂದ್ರೆ ನನಗೆ ಕಾಯಿಲೆನೇ ಬರಬಾರದು ಅಂತಾನಾ? ಅದನ್ನ ಯಾರು ಕೊಡೋಕಾಗತ್ತೆ?

ಯಾರೂ ಕೊಡಲಾರರು. ವಯಸ್ಸಾಗುತ್ತದೆ, ಹುಟ್ಟಿನಿಂದಲೇ ಕೆಲವು ತೊಂದರೆಗಳು ಬರುತ್ತವೆ, ಯಾವ ಕಾರಣವೂ ಕಾಣದೆ ಕಾಯಿಲೆ ಬೀಳುವುದೂ ಇದೆ. 1966ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಆರ್ಥಿಕ, ಸಾಮಾಜಿಕ ಮತ್ತು ಸಾಂಸ್ಕೃತಿಕ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಮಾತಾಡುವುದು 'ತಲುಪಲು ಸಾಧ್ಯವಿರುವ' ಅತಿ ಹೆಚ್ಚಿನ ಮಟ್ಟದ ಆರೋಗ್ಯದ ಬಗ್ಗೆ. ಆ 'ಸಾಧ್ಯವಿರುವ' ಅನ್ನುವ ಮಾತನ್ನು ಗಮನಿಸಿ. ಈ ವಿಧಿಯನ್ನು ಬಿಡಿಸಿ ಹೇಳಲು ವಿಶ್ವಸಂಸ್ಥೆಯ ಸಮಿತಿ 2000ದಲ್ಲಿ 14ನೇ ಸಾಮಾನ್ಯ ವ್ಯಾಖ್ಯೆಯನ್ನು ಹೊರಡಿಸಿತು. ಆರೋಗ್ಯದ ಹಕ್ಕನ್ನು ಆರೋಗ್ಯವಂತರಾಗಿಯೇ ಇರುವ ಹಕ್ಕು ಅಂತ ತಿಳಿಯಬಾರದು ಎಂದು ಅದರಲ್ಲೇ ಬರೆದಿದೆ.

ಅದರ ಜೊತೆಗೆ ಇನ್ನೊಂದು ಮಾತಿದೆ, ಜನ ಇದನ್ನು ಜಾಸ್ತಿ ಮರೆಯುತ್ತಾರೆ. ಈ ಹಕ್ಕು ಚಿಕಿತ್ಸೆಗೆ ಮುಗಿಯುವುದಿಲ್ಲ. ಕುಡಿಯುವ ನೀರು, ಶೌಚದ ವ್ಯವಸ್ಥೆ, ಸಾಕಷ್ಟು ಆಹಾರ, ವಾಸಕ್ಕೆ ತಕ್ಕ ಮನೆ, ಜೀವಕ್ಕೆ ಕುತ್ತು ತಾರದ ಕೆಲಸ, ಆರೋಗ್ಯದ ಬಗ್ಗೆ ಸರಿಯಾದ ಮಾಹಿತಿ, ಇವೆಲ್ಲ ಅದರೊಳಗೇ ಇವೆ.

ಕಾಯಿಲೆ ಬರೋದು ರೋಗಾಣುವಿನಿಂದ ತಾನೇ? ಇದರಲ್ಲಿ ಸಮಾಜ ಎಲ್ಲಿಂದ ಬಂತು?

ಈ ಪ್ರಶ್ನೆಗೆ ನಾನು ಯಾವಾಗಲೂ 1848ರ ಒಂದು ಸಂಗತಿಯಿಂದ ಶುರು ಮಾಡುತ್ತೇನೆ. ಆಗ ಪ್ರಷ್ಯಾ ದೇಶದ ಭಾಗವಾಗಿದ್ದ ಅಪ್ಪರ್ ಸೈಲೀಸಿಯಾದಲ್ಲಿ ಟೈಫಸ್ ಅನ್ನುವ ಜ್ವರ ಹಬ್ಬಿತ್ತು. ಸರ್ಕಾರ 26 ವರ್ಷದ ವೈದ್ಯ ರುಡಾಲ್ಫ್ ವಿರ್ಕೋನನ್ನು ತನಿಖೆಗೆ ಕಳಿಸಿತು. ಅವನು ಹಸಿವು ನೋಡಿದ, ಕಿಕ್ಕಿರಿದ ಮನೆಗಳನ್ನು ನೋಡಿದ, ತಮ್ಮ ಭಾಷೆಯಲ್ಲಿ ಶಾಲೆಯೇ ಇಲ್ಲದ ಪೋಲಿಷ್ ಮಾತಿನ ಜನರನ್ನು ನೋಡಿದ. ತಿರುಗಿ ಬಂದು ಕೊಟ್ಟ ವರದಿಯಲ್ಲಿ ಅವನು ಕೇಳಿದ್ದು ಶಿಕ್ಷಣ, ರಸ್ತೆ, ಬೇಸಾಯದ ಸುಧಾರಣೆ, ಬಡವರ ಮೇಲಿನ ತೆರಿಗೆಯ ಹೊರೆ ಇಳಿಸುವುದು, ಆ ಜನರಿಗೆ ತಮ್ಮನ್ನು ತಾವೇ ಆಳಿಕೊಳ್ಳುವ ಅಧಿಕಾರ.

ಟೈಫಸ್ ಹೇನಿನಿಂದ ಹರಡುತ್ತದೆ ಅಂತ ಗೊತ್ತಾದದ್ದು 1909ರಲ್ಲಿ. ಅಂದರೆ ವಿರ್ಕೋಗೆ ರೋಗಾಣುವೂ ಗೊತ್ತಿರಲಿಲ್ಲ, ಹೇನಿನ ಪಾತ್ರವೂ ಗೊತ್ತಿರಲಿಲ್ಲ. ಆದರೂ ಕಾಯಿಲೆ ಯಾರನ್ನು ಹುಡುಕಿಕೊಂಡು ಬರುತ್ತದೆ ಅನ್ನುವುದು ಅವನಿಗೆ ಗೊತ್ತಾಗಿತ್ತು.

ಕ್ಷಯವನ್ನೇ ನೋಡಿ. ಅದರ ಬ್ಯಾಕ್ಟೀರಿಯಾ 1882ರಲ್ಲಿ ಸಿಕ್ಕಿತು. ಅದು ಮೈಯೊಳಗೆ ಸೇರಿದವರಲ್ಲಿ ನೂರಕ್ಕೆ 5ರಿಂದ 10 ಜನರಿಗೆ ಮಾತ್ರ ಜೀವಮಾನದಲ್ಲಿ ಯಾವಾಗಲಾದರೂ ಕಾಯಿಲೆ ಆಗುತ್ತದೆ. ಯಾರಿಗೆ ಆಗುತ್ತದೆ ಅನ್ನುವುದನ್ನು ಊಟ, ಮನೆಯ ಗಾಳಿ ಬೆಳಕು, ಬೇರೆ ಕಾಯಿಲೆಗಳು ಬಹಳಮಟ್ಟಿಗೆ ತೀರ್ಮಾನಿಸುತ್ತವೆ. ಇಂಗ್ಲೆಂಡಿನಲ್ಲಿ ಕ್ಷಯದ ಸಾವುಗಳು 1940ರ ದಶಕದಲ್ಲಿ ಅದರ ಔಷಧಿ ಸ್ಟ್ರೆಪ್ಟೋಮೈಸಿನ್ ಬರುವುದಕ್ಕೆ ಎಷ್ಟೋ ದಶಕ ಮುಂಚೆಯೇ ಇಳಿಯತೊಡಗಿದ್ದವು. ಒಳ್ಳೆಯ ಊಟದಿಂದಲೋ, ಮನೆ ಮತ್ತು ನೈರ್ಮಲ್ಯದ ಸುಧಾರಣೆಯಿಂದಲೋ ಅಂತ ತಜ್ಞರು ಇನ್ನೂ ವಾದಿಸುತ್ತಾರೆ. ಔಷಧಿಯೊಂದರಿಂದಲೇ ಆಗಲಿಲ್ಲ ಅನ್ನುವುದರಲ್ಲಿ ವಾದವಿಲ್ಲ.

ಸಾಮಾಜಿಕ ಪರಿಸ್ಥಿತಿ ಅಂತ ಸುತ್ತಿ ಬಳಸಿ ಯಾಕೆ? ಬಡತನ ಅಂತ ನೇರವಾಗಿ ಹೇಳಬಹುದಲ್ವಾ?

ಬಡತನ ಅದರ ದೊಡ್ಡ ಭಾಗ, ಪೂರ್ತಿ ಅಲ್ಲ. ಲಂಡನ್ನಿನ ವೈಟ್‌ಹಾಲ್ ಸರ್ಕಾರಿ ನೌಕರರ ಅಧ್ಯಯನ ಇದನ್ನು ತೋರಿಸಿಕೊಟ್ಟಿತು. 1967ರಲ್ಲಿ ಶುರುವಾದ ಅದರಲ್ಲಿ ಸುಮಾರು 18,000 ಗಂಡಸರಿದ್ದರು. ಎಲ್ಲರಿಗೂ ಕೆಲಸವಿತ್ತು, ತಿಂಗಳ ಸಂಬಳವಿತ್ತು, ಉಚಿತ ಚಿಕಿತ್ಸೆ ಇತ್ತು. ಉಪವಾಸ ಬಿದ್ದವರು ಯಾರೂ ಇರಲಿಲ್ಲ. ಆದರೂ ಅತಿ ಕೆಳಗಿನ ದರ್ಜೆಯವರು ಹೃದಯದ ಕಾಯಿಲೆಯಿಂದ ಸಾಯುವ ಪ್ರಮಾಣ ಅತಿ ಮೇಲಿನವರಿಗಿಂತ ಸುಮಾರು ಮೂರು ಪಟ್ಟಿತ್ತು.

ನನ್ನನ್ನು ಕಾಡಿದ್ದು ಅದರ ನಡುವಿನ ಭಾಗ. ಮೆಟ್ಟಿಲ ತುದಿಯಿಂದ ಒಂದೇ ಹೆಜ್ಜೆ ಕೆಳಗಿದ್ದ, ಓದಿದ, ಅನುಕೂಲಸ್ಥ ಅಧಿಕಾರಿಗಳ ಆರೋಗ್ಯವೂ ಮೇಲಿನವರಿಗಿಂತ ಒಂದು ಹೆಜ್ಜೆ ಕೆಳಗೇ ಇತ್ತು. 1985ರಲ್ಲಿ ಹೆಂಗಸರನ್ನೂ ಸೇರಿಸಿಕೊಂಡು ಎರಡನೇ ಅಧ್ಯಯನ ಶುರುವಾಯಿತು. ತಮ್ಮ ಕೆಲಸದ ಮೇಲೆ ತಮಗೇ ಹಿಡಿತವಿಲ್ಲದವರಿಗೆ ಹೃದಯದ ಕಾಯಿಲೆ ಜಾಸ್ತಿ ಅಂತ ಅದು ಕಂಡಿತು. ಆದ್ದರಿಂದ 'ಬಡತನ' ಅಂತ ಮಾತ್ರ ಹೇಳಿದರೆ ಉಳಿದವರು 'ಇದು ನಮ್ಮ ವಿಷಯ ಅಲ್ಲ' ಅಂದುಕೊಳ್ಳುತ್ತಾರೆ.

ಸಿಗರೇಟು ಸೇದೋದು, ಕುಡಿಯೋದು, ಮೈ ಬಗ್ಗಿಸದೇ ಇರೋದು ಅವರವರ ತಪ್ಪಲ್ವಾ?

ಆಯ್ಕೆ ಅನ್ನುವುದು ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ಜನರನ್ನು ಗೊಂಬೆ ಮಾಡಿದಂತೆ. ಆದರೆ ಲಂಡನ್ನಿನ ಸರ್ಕಾರಿ ನೌಕರರ ಆ ವೈಟ್‌ಹಾಲ್ ಅಧ್ಯಯನದಲ್ಲೇ ಸಿಗರೇಟು, ರಕ್ತದೊತ್ತಡ, ಕೊಲೆಸ್ಟ್ರಾಲ್ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದ ಮೇಲೂ ದರ್ಜೆಗಳ ನಡುವಿನ ಅಂತರದ ಬಹುಪಾಲು ಹಾಗೇ ಉಳಿಯಿತು. ಇನ್ನು ಸಿಗರೇಟಿನ ಚಟ ಬಹಳ ಮಂದಿಗೆ ಅಂಟುವುದು ಹದಿಹರೆಯದಲ್ಲಿ. ಆ ವಯಸ್ಸಿನವರಿಗೆ ಕಾಣುವ ಜಾಹೀರಾತು, ಬೆಲೆ, ಅಂಗಡಿ ಯಾವುದನ್ನೂ ಅವರು ಆರಿಸಿದ್ದಲ್ಲ. ಅದಕ್ಕೇ 2003ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ದೇಶಗಳು ಒಪ್ಪಿದ ತಂಬಾಕು ನಿಯಂತ್ರಣ ಒಡಂಬಡಿಕೆ ಸೇದುವವರಿಗೆ ಬುದ್ಧಿ ಹೇಳಿ ಸುಮ್ಮನಾಗಲಿಲ್ಲ. ತೆರಿಗೆ, ಜಾಹೀರಾತು, ಸಾರ್ವಜನಿಕ ಜಾಗದ ಹೊಗೆ, ಎಲ್ಲಕ್ಕೂ ಕೈ ಹಾಕಿತು.

ಇದನ್ನು ಕೇಳಿದವರಿಗೆ ನಾನು ತಿರುಗಿ ಕೇಳುವುದು ಇಷ್ಟೇ: ರಾತ್ರಿ ಪಾಳಿ ಮುಗಿಸಿ, ಎರಡು ಗಂಟೆ ಪ್ರಯಾಣ ಮಾಡಿ, ಮನೆಕೆಲಸಕ್ಕೆ ನಿಲ್ಲುವ ಹೆಂಗಸು ಯಾವ ಹೊತ್ತಿಗೆ ವ್ಯಾಯಾಮ ಮಾಡಬೇಕು?

## ಸರಿ ತಪ್ಪಿನ ವಿಚಾರ

ಡಾಕ್ಟರುಗಳಿಗೆ ನೀತಿಸಂಹಿತೆ ಈಗಾಗಲೇ ಇದೆಯಲ್ಲ? ಹೊಸದಾಗಿ ಯೋಚನೆ ಮಾಡೋಕೆ ಏನಿದೆ?

ಇದೆ, ಮತ್ತು ಅದು ಸುಮ್ನೆ ಬಂದದ್ದಲ್ಲ. ನಾಜಿ ವೈದ್ಯರ ಕ್ರೌರ್ಯ ಬಯಲಾದ ಮೇಲೆ 1947ರಲ್ಲಿ ನ್ಯೂರೆಂಬರ್ಗ್ ಸಂಹಿತೆ ಬಂತು, 1964ರಲ್ಲಿ ಹೆಲ್ಸಿಂಕಿ ಘೋಷಣೆ. ಎರಡೂ ಮನುಷ್ಯರ ಮೇಲಿನ ಪ್ರಯೋಗಗಳಿಗೆ ಹಾಕಿದ ಕಟ್ಟಳೆಗಳು. ರೋಗಿಯ ಸ್ವಂತ ನಿರ್ಧಾರಕ್ಕೆ ಬೆಲೆ ಕೊಡುವುದು, ಒಳಿತು ಮಾಡುವುದು, ಕೆಡುಕು ಮಾಡದಿರುವುದು, ನ್ಯಾಯ ಅನ್ನುವ ನಾಲ್ಕು ತತ್ವಗಳನ್ನು 1970ರ ದಶಕದ ಕೊನೆಯಿಂದ ವೈದ್ಯ ವಿದ್ಯಾರ್ಥಿಗಳು ಕಲಿಯುತ್ತಿದ್ದಾರೆ. ಇವನ್ನು ಬಿಡಬೇಕು ಅಂತ ಯಾರೂ ಹೇಳುತ್ತಿಲ್ಲ. ತೊಂದರೆ ಏನೆಂದರೆ ಮೊದಲ ಮೂರರ ಬಗ್ಗೆ ಮಾತು ಹೆಚ್ಚು, ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ತರಗತಿ ಮುಗಿದಿರುತ್ತದೆ.

ಅಮೆರಿಕದ ಅಲಬಾಮಾದಲ್ಲಿ ನಡೆದ ಟಸ್ಕೀಗಿ ಅಧ್ಯಯನವನ್ನು ಎಲ್ಲ ಪಾಠಗಳಲ್ಲೂ ಹೇಳುತ್ತಾರೆ. 1932ರಿಂದ 1972ರವರೆಗೆ ಅಲ್ಲಿನ ಸರ್ಕಾರಿ ಆರೋಗ್ಯ ಇಲಾಖೆ ಸಿಫಿಲಿಸ್ ಇದ್ದ 399 ಕಪ್ಪು ಜನಾಂಗದ ಗಂಡಸರಿಗೆ ಚಿಕಿತ್ಸೆ ಕೊಡದೆ, ಕಾಯಿಲೆ ಹೇಗೆ ಬೆಳೆಯುತ್ತದೆ ಅಂತ ನೋಡುತ್ತಾ ಕೂತಿತು. 1940ರ ದಶಕದಲ್ಲಿ ಅದನ್ನು ಗುಣಪಡಿಸುವ ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ಪಾಠದಲ್ಲಿ ಇದನ್ನು 'ಒಪ್ಪಿಗೆ ಪಡೆಯಲಿಲ್ಲ' ಅನ್ನುವ ತಪ್ಪಾಗಿ ಹೇಳುತ್ತಾರೆ. ನಿಜ. ಆದರೆ ಆ ಗಂಡಸರು ಯಾಕೆ ಅಷ್ಟು ಸುಲಭವಾಗಿ ಸಿಕ್ಕರು? ಅವರು ಬೇರೆಯವರ ಹೊಲವನ್ನು ಪಾಲಿಗೆ ಮಾಡುವ ರೈತರು. ಅವರಿಗೆ ಬೇರೆ ವೈದ್ಯರಿರಲಿಲ್ಲ. ಊಟ, ತಪಾಸಣೆ, ಹೆಣ ಹೂಳುವ ಖರ್ಚು ಕೊಡುತ್ತೇವೆ ಅಂದದ್ದೇ ಅವರಿಗೆ ದೊಡ್ಡ ಸಹಾಯವಾಗಿ ಕಂಡಿತು. ಅಧ್ಯಯನ ಶುರುವಾಗುವ ಮುಂಚೆಯೇ ಒಂದು ಅನ್ಯಾಯ ಅಲ್ಲಿ ನಡೆದಿತ್ತು. ಒಪ್ಪಿಗೆಯ ಪತ್ರ ಎಷ್ಟೇ ಚೆನ್ನಾಗಿದ್ದರೂ ಅದನ್ನು ಸರಿಪಡಿಸುತ್ತಿರಲಿಲ್ಲ.

ಕನ್ನಡದಲ್ಲಿ 'ನೀತಿ' ಅನ್ನುವ ಒಂದೇ ಮಾತು ಸರಿ ತಪ್ಪಿನ ವಿಚಾರಕ್ಕೂ ಬರುತ್ತದೆ, ಸರ್ಕಾರದ ಧೋರಣೆಗೂ ಬರುತ್ತದೆ. ಈ ವಿಷಯದಲ್ಲಿ ನಮ್ಮ ಭಾಷೆ ಎರಡನ್ನೂ ಒಟ್ಟಿಗೆ ಇಟ್ಟಿರುವುದು ನನಗೆ ಇಷ್ಟ.

ರೋಗಿಯೇ 'ಚಿಕಿತ್ಸೆ ಬೇಡ' ಅಂದ್ರೆ ಅಲ್ಲಿಗೆ ಮುಗೀತಲ್ವಾ? ಅವರ ಇಷ್ಟ.

ಅವರ ಮಾತನ್ನು ಮೀರಬಾರದು, ಅದು ಸರಿ. ಆದರೆ 'ಬೇಡ' ಅನ್ನುವುದಕ್ಕೂ 'ಆಗಲ್ಲ' ಅನ್ನುವುದಕ್ಕೂ ವ್ಯತ್ಯಾಸ ಇದೆ. ದಿನಗೂಲಿಯ ತಾಯಿಯೊಬ್ಬಳು ಆಸ್ಪತ್ರೆಗೆ ಸೇರಲು ಒಪ್ಪುವುದಿಲ್ಲ. ಸೇರಿದರೆ ಕೂಲಿ ಹೋಗುತ್ತದೆ, ಮನೆಯಲ್ಲಿ ಸಣ್ಣ ಮಕ್ಕಳನ್ನು ನೋಡುವವರಿಲ್ಲ. 'ಸಲಹೆ ಮೀರಿ ಹೊರಟರು' ಅಂತ ಕಡತದಲ್ಲಿ ಬರೆದರೆ ಕಾನೂನಿನ ಪ್ರಕಾರ ಎಲ್ಲ ಸರಿ. ಅವಳು ಏನನ್ನು ನಿರಾಕರಿಸಿದಳು? ಚಿಕಿತ್ಸೆಯನ್ನಂತೂ ಅಲ್ಲ. 'ಯಾಕೆ ಬೇಡ?' ಅಂತ ಕೇಳುವ ಬದಲು 'ಏನಿದ್ದರೆ ಆಗುತ್ತಿತ್ತು?' ಅಂತ ಕೇಳಿದರೆ ಉತ್ತರವೇ ಬದಲಾಗುತ್ತದೆ.

ಎಲ್ಲಿ ವ್ಯತ್ಯಾಸ ಕಂಡರೂ ಅನ್ಯಾಯ ಅಂತ ಕೂಗೋಕಾಗತ್ತಾ?

ಇಲ್ಲ. ಎಂಬತ್ತರ ಅಜ್ಜನ ಮಂಡಿ ಇಪ್ಪತ್ತರ ಮೊಮ್ಮಗನ ಮಂಡಿಯಂತಿರುವುದಿಲ್ಲ. ಇದರಲ್ಲಿ ಅನ್ಯಾಯವಿಲ್ಲ. ತಪ್ಪಿಸಬಹುದಾಗಿತ್ತು, ತಪ್ಪಿಸಲಿಲ್ಲ, ಮತ್ತು ಅದರ ಪೆಟ್ಟು ಮತ್ತೆ ಮತ್ತೆ ಅದೇ ಜನರ ಮೇಲೆ ಬೀಳುತ್ತಿದೆ ಅನ್ನುವುದಾದರೆ ಅದು ಅನ್ಯಾಯ.

ಎಲ್ಲರಿಗೂ ಚಿಕಿತ್ಸೆ ಉಚಿತ ಮಾಡಿಬಿಟ್ರೆ ಸಾಕಲ್ವಾ?

ಮಾಡಲೇಬೇಕು. ಸಾಮಾಜಿಕ ಕಾರಣಗಳ ಬಗ್ಗೆ ಮಾತಾಡುವ ಕೆಲವರು ಆಸ್ಪತ್ರೆಯನ್ನೇ ಹಗುರ ಮಾಡಿ ಮಾತಾಡುತ್ತಾರೆ. ಹೆರಿಗೆಯಲ್ಲಿ ರಕ್ತಸ್ರಾವ ಆಗುತ್ತಿರುವವಳಿಗೆ ಬೇಕಾದದ್ದು ರಕ್ತ ಮತ್ತು ವೈದ್ಯರು, ಆ ಗಳಿಗೆಯಲ್ಲಿ ಬೇರೆ ಯಾವುದೂ ಅಲ್ಲ.

ಆದರೆ ಅಷ್ಟರಿಂದ ಅಂತರ ಮುಚ್ಚುವುದಿಲ್ಲ. ಬ್ರಿಟನ್ 1948ರಲ್ಲಿ ಎಲ್ಲರಿಗೂ ಉಚಿತ ಚಿಕಿತ್ಸೆ ಶುರು ಮಾಡಿತು. 1980ರಲ್ಲಿ ಅಲ್ಲಿ ಬಂದ, ಸರ್ಕಾರವೇ ನೇಮಿಸಿದ ತಜ್ಞರ ಗುಂಪಿನ ಬ್ಲ್ಯಾಕ್ ವರದಿ, ಮೂವತ್ತು ವರ್ಷಗಳ ನಂತರವೂ ವರ್ಗ ವರ್ಗಗಳ ನಡುವಿನ ಸಾವಿನ ಅಂತರ ಹೋಗಿಲ್ಲ ಅಂತ ತೋರಿಸಿತು. ಅದಕ್ಕೂ ಮುಂಚೆ 1971ರಲ್ಲಿ ವೇಲ್ಸ್‌ನ ವೈದ್ಯ ಜೂಲಿಯನ್ ಟ್ಯೂಡರ್ ಹಾರ್ಟ್ 'ತಲೆಕೆಳಗಾದ ಆರೈಕೆಯ ನಿಯಮ' ಅಂತ ಒಂದನ್ನು ಹೇಳಿದ್ದರು. ಯಾರಿಗೆ ಆರೈಕೆ ಜಾಸ್ತಿ ಬೇಕೋ ಅವರಿಗೇ ಅದು ಕಡಿಮೆ ಸಿಗುತ್ತದೆ, ಮಾರುಕಟ್ಟೆಯ ಕೈಗೆ ಬಿಟ್ಟಷ್ಟೂ ಇದು ಹೆಚ್ಚಾಗುತ್ತದೆ ಅನ್ನುವುದು ಅದರ ಸಾರ. ಅವರು ಕಲ್ಲಿದ್ದಲ ಗಣಿ ಕೆಲಸಗಾರರ ನಡುವೆ ಇದ್ದು ಕಂಡದ್ದನ್ನೇ ಬರೆದಿದ್ದರು.

## ಹಕ್ಕು, ಹಣ, ಕೋರ್ಟು

ಸರ್ಕಾರದ ಹತ್ರ ದುಡ್ಡೇ ಇಲ್ಲ ಅಂದ್ರೆ ಹಕ್ಕು ಇಟ್ಕೊಂಡು ಏನು ಮಾಡೋದು?

ಮೊದಲ ಪ್ರಶ್ನೆಯಲ್ಲಿ ಹೇಳಿದ ವಿಶ್ವಸಂಸ್ಥೆಯ 1966ರ ಒಡಂಬಡಿಕೆಯೇ 'ಹಂತ ಹಂತವಾಗಿ' ಅಂತ ಒಪ್ಪಿಕೊಂಡಿದೆ. ನಾಳೆಯೇ ಎಲ್ಲ ಊರಿಗೂ ದೊಡ್ಡ ಆಸ್ಪತ್ರೆ ಬರಬೇಕು ಅಂತಿಲ್ಲ. ಆದರೆ ಕೆಲವು ಕೆಲಸಗಳಿಗೆ ಕಾಯುವಂತಿಲ್ಲ. ಭೇದಭಾವ ಮಾಡಬಾರದು, ಕನಿಷ್ಠ ಆಹಾರ, ನೀರು, ಅಗತ್ಯ ಔಷಧಿ ಸಿಗಬೇಕು, ಮುಂದಿನ ದಾರಿಯ ಯೋಜನೆ ಇರಬೇಕು.

ಇನ್ನೂ ಒಂದು ವಿಷಯ. ಸರ್ಕಾರದ ಹೊಣೆ ಮೂರು ಬಗೆಯದು. ತಾನೇ ಕೆಡುಕು ಮಾಡದಿರುವುದು, ಬೇರೆಯವರು ಮಾಡದಂತೆ ತಡೆಯುವುದು, ಇಲ್ಲದ್ದನ್ನು ಒದಗಿಸುವುದು. ದುಡ್ಡಿನ ಮಾತು ಮುಖ್ಯವಾಗಿ ಮೂರನೆಯದಕ್ಕೆ. ಅಮೆರಿಕದ ಫ್ಲಿಂಟ್ ನಗರದಲ್ಲಿ ಕೆಟ್ಟದ್ದು ಮೊದಲನೆಯದು. 2014ರಲ್ಲಿ ಖರ್ಚು ಉಳಿಸಲು ನೀರಿನ ಮೂಲವನ್ನು ನದಿಗೆ ಬದಲಾಯಿಸಿದರು. ಪೈಪು ಸವೆಯದಂತೆ ಹಾಕಬೇಕಾದ ರಾಸಾಯನಿಕ ಹಾಕಲಿಲ್ಲ. ಹಳೆಯ ಪೈಪುಗಳ ಸೀಸ ಮಕ್ಕಳ ಹೊಟ್ಟೆಗೆ ಹೋಯಿತು. ಆಗ ಆ ನಗರದ ಹಣಕಾಸು ಜನ ಆರಿಸಿದವರ ಕೈಯಲ್ಲಿರಲಿಲ್ಲ, ರಾಜ್ಯ ಸರ್ಕಾರ ನೇಮಿಸಿದ ತುರ್ತು ಅಧಿಕಾರಿಯ ಕೈಯಲ್ಲಿತ್ತು. ನೀರಿಗೆ ವಾಸನೆ ಬರುತ್ತಿದೆ, ಬಣ್ಣ ಬದಲಾಗಿದೆ ಅಂತ ತಾಯಂದಿರು ಬಾಟಲಿ ಹಿಡಿದು ಕೂಗಿದರೂ ತಿಂಗಳುಗಟ್ಟಲೆ ಯಾರೂ ಕೇಳಲಿಲ್ಲ. ಇಷ್ಟು ಶ್ರೀಮಂತ ದೇಶದಲ್ಲಿ ಇದನ್ನು ಬಡತನದ ಲೆಕ್ಕಕ್ಕೆ ಹಾಕಲಾಗದು. ಮಾತು ಕೇಳಿಸಿಕೊಳ್ಳುವವರು ಇಲ್ಲದಿದ್ದದ್ದೇ ಅಲ್ಲಿ ಕಾಯಿಲೆಯ ಕಾರಣ.

ಇದೆಲ್ಲ ಕೋರ್ಟಿನಲ್ಲಿ ನಿಲ್ಲುತ್ತಾ?

ಕೆಲವೊಮ್ಮೆ. ದಕ್ಷಿಣ ಆಫ್ರಿಕಾದ 1996ರ ಸಂವಿಧಾನದ 27ನೇ ವಿಧಿಯಲ್ಲಿ ಆರೋಗ್ಯ ಸೇವೆಯ ಹಕ್ಕಿದೆ. 1997ರಲ್ಲಿ ಮೂತ್ರಪಿಂಡ ಕೆಟ್ಟ ವ್ಯಕ್ತಿಯೊಬ್ಬರು ಡಯಾಲಿಸಿಸ್ ಕೇಳಿ ಅಲ್ಲಿನ ಸಂವಿಧಾನ ಕೋರ್ಟಿಗೆ ಹೋದರು. ಯಂತ್ರಗಳು ಕಡಿಮೆ ಇವೆ, ಆಸ್ಪತ್ರೆ ಮಾಡಿದ ನಿಯಮ ನ್ಯಾಯವಾಗಿದೆ ಅಂತ ಕೋರ್ಟು ಅವರ ಅರ್ಜಿಯನ್ನು ತಳ್ಳಿತು. ಓದಲು ಸಂಕಟವಾಗುವ ತೀರ್ಪು ಅದು. ಐದು ವರ್ಷದ ನಂತರ, 2002ರಲ್ಲಿ, ಅದೇ ಕೋರ್ಟು ಇನ್ನೊಂದು ದಾರಿ ಹಿಡಿಯಿತು. ತಾಯಿಯಿಂದ ಮಗುವಿಗೆ ಎಚ್‌ಐವಿ ಹರಡದಂತೆ ತಡೆಯುವ ನೆವಿರಾಪಿನ್ ಔಷಧಿಯನ್ನು ಸರ್ಕಾರ ಕೆಲವೇ ಕೇಂದ್ರಗಳಿಗೆ ಮಿತಿಗೊಳಿಸಿತ್ತು. ಕಂಪನಿ ಉಚಿತವಾಗಿ ಕೊಡಲು ತಯಾರಿದ್ದಾಗಲೂ ಹೀಗೆ ತಡೆಹಿಡಿಯುವುದು ಸರಿಯಲ್ಲ, ಬೇರೆ ಕಡೆಗೂ ಕೊಡಿ ಎಂದಿತು. ಅದರ ಹಿಂದೆ ಬೀದಿಗಿಳಿದ ಸಾವಿರಾರು ಜನರಿದ್ದರು.

ಭಾರತದಲ್ಲಿ 1996ರ ತೀರ್ಪೊಂದಿದೆ. ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಕೂಲಿಯೊಬ್ಬರನ್ನು ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆಗಳು ವಾಪಸು ಕಳಿಸಿದ್ದವು. ಹೊತ್ತಿಗೆ ಸರಿಯಾಗಿ ತುರ್ತು ಚಿಕಿತ್ಸೆ ಕೊಡದಿರುವುದು 21ನೇ ವಿಧಿಯ ಜೀವಿಸುವ ಹಕ್ಕಿಗೆ ವಿರುದ್ಧ ಅಂತ ಸುಪ್ರೀಂ ಕೋರ್ಟ್ ಹೇಳಿತು.

ಕೋರ್ಟಿಗೆ ಒಂದು ಮಿತಿ ಇದೆ. ಅಲ್ಲಿಗೆ ಮುಟ್ಟುವವರ ದೂರು ಮಾತ್ರ ಅದರ ಕಿವಿಗೆ ಬೀಳುತ್ತದೆ. ಬ್ರೆಜಿಲ್ 1988ರ ಸಂವಿಧಾನದಲ್ಲೇ ಆರೋಗ್ಯ ಎಲ್ಲರ ಹಕ್ಕು, ಸರ್ಕಾರದ ಕರ್ತವ್ಯ ಅಂತ ಬರೆಯಿತು. ಆಮೇಲೆ ದುಬಾರಿ ಔಷಧಿಗಾಗಿ ಒಬ್ಬೊಬ್ಬರೇ ಹಾಕಿದ ದಾವೆಗಳು ರಾಶಿ ಬಿದ್ದವು. ಇದರಿಂದ ವಕೀಲರು ಸಿಗುವವರಿಗೇ ಲಾಭ ಅಂತ ಕೆಲವರು, ಇಲ್ಲ ಬಡವರಿಗೂ ಇದೇ ದಾರಿ ಅಂತ ಇನ್ನು ಕೆಲವರು. ಚರಂಡಿಗಾಗಿ ದಾವೆ ಹಾಕುವವರು ಮಾತ್ರ ಕಡಿಮೆ.

## ಒಮ್ಮತ ಇಲ್ಲದ ಕಡೆ

ಸಾಂಕ್ರಾಮಿಕ ಬಂದಾಗ ಜನರನ್ನ ಮನೆಯೊಳಗೆ ಕೂಡಿಹಾಕೋದು ಹಕ್ಕಿಗೆ ವಿರುದ್ಧ ಅಲ್ವಾ?

ಅಂತರರಾಷ್ಟ್ರೀಯ ಕಾನೂನಿನ ತಜ್ಞರು ಸೇರಿ ಬರೆದ 1984ರ ಸಿರಾಕ್ಯೂಸಾ ತತ್ವಗಳು ಹಕ್ಕನ್ನು ಮಿತಿಗೊಳಿಸಲು ಕೆಲವು ಕಟ್ಟಳೆ ಹಾಕಿವೆ. ಕಾನೂನಿನ ಆಧಾರ ಬೇಕು, ನಿಜವಾದ ಅಗತ್ಯ ಬೇಕು, ಇನ್ನೂ ಸೌಮ್ಯವಾದ ದಾರಿ ಇದ್ದರೆ ಅದನ್ನೇ ಹಿಡಿಯಬೇಕು, ಭೇದಭಾವ ಇರಬಾರದು. ನಾನು ಇದಕ್ಕೆ ಇನ್ನೊಂದನ್ನು ಸೇರಿಸುತ್ತೇನೆ. ಎಲ್ಲರ ಒಳಿತಿಗಾಗಿ ಒಬ್ಬರಿಂದ ತ್ಯಾಗ ಕೇಳಿದರೆ ಅದರ ಖರ್ಚನ್ನು ಎಲ್ಲರೂ ಹೊರಬೇಕು. 2020ರಲ್ಲಿ 'ಮನೆಯಲ್ಲೇ ಇರಿ, ದೂರ ನಿಲ್ಲಿ, ಕೈ ತೊಳೆಯಿರಿ' ಅಂತ ಜಗತ್ತೆಲ್ಲ ಹೇಳಿತು. ಆ ಮೂರು ಮಾತಿಗೂ ಮನೆ, ಜಾಗ, ನೀರು ಬೇಕು. ಅವು ಇಲ್ಲದವರನ್ನು 'ನಿಯಮ ಮುರಿದವರು' ಅಂದದ್ದು ನನಗೆ ಈಗಲೂ ನೋವು ತರುತ್ತದೆ.

ಬಡ ದೇಶದಲ್ಲಿ ಹೇಗಿದ್ರೂ ಔಷಧಿ ಸಿಗ್ತಿರಲಿಲ್ಲ. ಅಲ್ಲಿ ಪ್ರಯೋಗ ಮಾಡಿದ್ರೆ ನಷ್ಟ ಏನು?

ಅಮೆರಿಕ ಮತ್ತು ಫ್ರಾನ್ಸ್‌ನಲ್ಲಿ ನಡೆದು 1994ರಲ್ಲಿ ಫಲಿತಾಂಶ ಬಂದ ಪ್ರಯೋಗದಲ್ಲಿ, ಎಝಡ್‌ಟಿ ಔಷಧಿಯಿಂದ ತಾಯಿಯಿಂದ ಮಗುವಿಗೆ ಎಚ್‌ಐವಿ ಹರಡುವುದು ಮೂರರಲ್ಲಿ ಎರಡು ಪಾಲು ಇಳಿಯಿತು. ಆ ಕ್ರಮ ದುಬಾರಿ. ಕಡಿಮೆ ಖರ್ಚಿನ, ಕಡಿಮೆ ದಿನಗಳ ಕ್ರಮ ಹುಡುಕಲು ಆಫ್ರಿಕಾ, ಏಷ್ಯಾಗಳಲ್ಲಿ ಹೊಸ ಪ್ರಯೋಗಗಳು ಶುರುವಾದವು. ಆ ಪ್ರಯೋಗಗಳಲ್ಲಿ ಕೆಲವು ಗರ್ಭಿಣಿಯರಿಗೆ ಔಷಧಿಯೇ ಇಲ್ಲದ ಹುಸಿ ಗುಳಿಗೆ ಕೊಟ್ಟರು. 1997ರಲ್ಲಿ ದೊಡ್ಡ ವಿವಾದವೇ ಎದ್ದಿತು.

ಪ್ರಯೋಗ ಮಾಡಿದವರ ವಾದ ನೀವು ಕೇಳಿದ್ದೇ: ಆ ಹೆಂಗಸರಿಗೆ ಹೇಗಿದ್ದರೂ ಏನೂ ಸಿಗುತ್ತಿರಲಿಲ್ಲ. ಬೇಗ ಉತ್ತರ ಸಿಕ್ಕರೆ ಲಕ್ಷಾಂತರ ಮಕ್ಕಳಿಗೆ ಒಳ್ಳೆಯದು ಅಂತಲೂ ಹೇಳಿದರು, ಅದನ್ನು ಸುಲಭವಾಗಿ ತಳ್ಳಿಹಾಕಲಾರೆ. ಥಾಯ್ಲೆಂಡಿನ ಪ್ರಯೋಗದಲ್ಲಿ ಚಿಕ್ಕ ಕ್ರಮವೂ ಹರಡುವುದನ್ನು ಸುಮಾರು ಅರ್ಧಕ್ಕೆ ಇಳಿಸಿತು, ಅದು ಎಷ್ಟೋ ಕಡೆ ಉಪಯೋಗಕ್ಕೂ ಬಂತು. ಆದರೂ ನನಗೆ ಒಪ್ಪಿಗೆಯಾಗದ ಜಾಗ ಒಂದಿದೆ. 'ಹೇಗಿದ್ದರೂ ಸಿಗುತ್ತಿರಲಿಲ್ಲ' ಅನ್ನುವುದನ್ನು ಮಳೆ ಬಿಸಿಲಿನಂತೆ ತಾನಾಗಿ ಬಂದದ್ದು ಅಂತ ತೆಗೆದುಕೊಂಡರು. ಔಷಧಿಯ ಬೆಲೆ ಮನುಷ್ಯರು ಇಟ್ಟದ್ದು, ಪೇಟೆಂಟ್ ಮನುಷ್ಯರು ಮಾಡಿದ್ದು. ಬದಲಾಯಿಸಲೂ ಬಹುದು. 2001ರಲ್ಲಿ ದೋಹಾದಲ್ಲಿ ಸೇರಿದ ವ್ಯಾಪಾರ ಮಂತ್ರಿಗಳೇ ವಿಶ್ವ ವ್ಯಾಪಾರ ಸಂಸ್ಥೆಯ ಪೇಟೆಂಟ್ ಒಪ್ಪಂದ ಜನರ ಆರೋಗ್ಯ ಕಾಪಾಡಲು ಅಡ್ಡಿಯಾಗಬಾರದು ಅಂತ ಘೋಷಿಸಿದರು.

ಎಲ್ಲವನ್ನೂ ಆರೋಗ್ಯ ಅಂದುಬಿಟ್ರೆ ಆ ಮಾತಿಗೆ ಅರ್ಥ ಉಳಿಯುತ್ತಾ?

ಈ ಆಕ್ಷೇಪ ನ್ಯಾಯವಾದದ್ದು. ವಿಶ್ವ ಆರೋಗ್ಯ ಸಂಸ್ಥೆಯ 1946ರ ಸಂವಿಧಾನ ಆರೋಗ್ಯವನ್ನು ದೈಹಿಕ, ಮಾನಸಿಕ, ಸಾಮಾಜಿಕ 'ಸಂಪೂರ್ಣ' ಯೋಗಕ್ಷೇಮ ಅಂತ ಕರೆಯಿತು. ಆ ಅಳತೆಯಲ್ಲಿ ನಮ್ಮಲ್ಲಿ ಯಾರೂ ಆರೋಗ್ಯವಂತರಲ್ಲ. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ: ಕೆಲಸ ಕಳೆದುಕೊಂಡವರ ದುಃಖಕ್ಕೆ ಗುಳಿಗೆ ಬರೆದು ಸುಮ್ಮನಾಗುವುದು. ಮನೆ ಆರೋಗ್ಯಕ್ಕೆ ಒಳ್ಳೆಯದು ಅಂತ ಮಾತ್ರ ಮನೆ ಬೇಕಾಗಿಲ್ಲ, ಮನೆ ಮನೆಗಾಗಿಯೂ ಬೇಕು. ಆರೋಗ್ಯದ ಲೆಕ್ಕ ಅದಕ್ಕೆ ಇನ್ನೊಂದು ಸಾಕ್ಷಿ, ಅಷ್ಟೆ.

ಕಾರಣ ಇಡೀ ಸಮಾಜ ಅಂದ್ರೆ ಹೊಣೆ ಯಾರದ್ದೂ ಅಲ್ಲ ಅಂತ ಆಗಲ್ವಾ?

ಹಾಗೆ ಆಗುವ ಅಪಾಯ ಇದೆ. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ ಸಾಮಾಜಿಕ ಅನ್ಯಾಯ ದೊಡ್ಡ ಪ್ರಮಾಣದಲ್ಲಿ ಜನರನ್ನು ಕೊಲ್ಲುತ್ತಿದೆ ಅಂತ ನೇರವಾಗಿ ಬರೆಯಿತು. ಕೊಲ್ಲುತ್ತಿದೆ ಅಂದ ಮೇಲೆ ಯಾರು ಅಂತ ಕೇಳಬೇಕಲ್ವಾ? 'ವ್ಯವಸ್ಥೆ' ಅನ್ನುವ ಮಾತಿನ ಹಿಂದೆ ಬಚ್ಚಿಟ್ಟುಕೊಳ್ಳುವುದು ಸುಲಭ.

ನಾನು ಹಿಡಿದಿರುವ ದಾರಿ ಹೀಗಿದೆ. 'ತಪ್ಪು ಯಾರದ್ದು?' ಅನ್ನುವುದನ್ನು ಎರಡನೆಯದಾಗಿ ಕೇಳುತ್ತೇನೆ. ಮೊದಲು 'ಇದನ್ನು ಬದಲಾಯಿಸುವ ಶಕ್ತಿ ಯಾರ ಕೈಯಲ್ಲಿದೆ?' ಅಂತ ಕೇಳುತ್ತೇನೆ. ಪೈಪು ಯಾರು ಹಾಕಿಸಬೇಕು, ಪಾಳಿಯ ಪಟ್ಟಿ ಯಾರು ಬರೆಯುತ್ತಾರೆ, ಬಜೆಟ್ಟಿನ ಆ ಸಾಲನ್ನು ಯಾರು ಹೊಡೆದುಹಾಕಿದರು? ಇವಕ್ಕೆಲ್ಲ ಹುದ್ದೆಗಳಿವೆ, ಸಹಿಗಳಿವೆ. ಶಕ್ತಿ ಜಾಸ್ತಿ ಇದ್ದವರಿಗೆ ಹೊಣೆ ಜಾಸ್ತಿ. ಅನ್ಯಾಯದಿಂದ ಲಾಭ ಪಡೆದವರಿಗೂ ಜಾಸ್ತಿ, ಅವರು ಅದನ್ನು ಬಯಸದೇ ಇದ್ದರೂ. ಕಾಯಿಲೆ ಬಿದ್ದವರು ಈ ಪಟ್ಟಿಯ ಕೊನೆಯಲ್ಲಿ ಬರುತ್ತಾರೆ. ಈಗ ನಡೆಯುತ್ತಿರುವುದು ಇದರ ಉಲ್ಟಾ.

ನಾನು ನರ್ಸ್. ಇಷ್ಟೆಲ್ಲ ಓದಿ ನಾಳೆ ಡ್ಯೂಟಿಯಲ್ಲಿ ಏನು ಮಾಡಲಿ?

ಈ ಪತ್ರ ಬರೆದವರಿಗೆ ನಾನು ಮೊದಲು ಹೇಳಿದ್ದು: ಸಮಾಜವನ್ನು ಸರಿಮಾಡುವ ಕೆಲಸ ನಿಮ್ಮೊಬ್ಬರ ಪಾಳಿಗೆ ಸೇರಿದ್ದಲ್ಲ. ನಿಮ್ಮ ಆಯಾಸವೂ ಸಾಮಾಜಿಕ ಪರಿಸ್ಥಿತಿಯೇ.

ಆದರೆ ರೋಗಿಗಳ ಮಾತು ನಿಮಗೆ ಕೇಳಿಸುವಷ್ಟು ಬೇರೆ ಯಾರಿಗೂ ಕೇಳಿಸುವುದಿಲ್ಲ. ಅದೇ ಬೀದಿಯಿಂದ ಮೂರನೇ ಮಗು ಭೇದಿಯಾಗಿ ಬಂದಿದೆ ಅಂತ ಮೊದಲು ಗಮನಿಸುವುದು ನೀವು. ಅದನ್ನು ಬರೆದಿಡಿ. ದಿನಾಂಕ, ಬೀದಿ, ನೀರು ಎಲ್ಲಿಂದ ತರುತ್ತಾರೆ, ಇಷ್ಟು ಸಾಕು. ಹೆಸರು ಬೇಡ. 1854ರಲ್ಲಿ ಲಂಡನ್ನಿನ ವೈದ್ಯ ಜಾನ್ ಸ್ನೋ ಕಾಲರಾ ಸಾವುಗಳ ವಿಳಾಸಗಳನ್ನು ಹೀಗೇ ಒಟ್ಟುಮಾಡಿ ಬ್ರಾಡ್ ಸ್ಟ್ರೀಟ್‌ನ ಪಂಪಿನವರೆಗೆ ಹೋದರು. ಆ ಪಟ್ಟಿ ನೋಡಿ ಸ್ಥಳೀಯ ಮಂಡಳಿ ಪಂಪಿನ ಹಿಡಿಯನ್ನು ತೆಗೆಸಿತು. ಪಟ್ಟಿ ಹತ್ತು ಸಾಲಾದ ಮೇಲೆ ಅದರ ಪ್ರತಿಯನ್ನು ನಿಮ್ಮ ಮೇಲಿನವರಿಗೆ ಕೊಡಿ, ತಲುಪಿದ್ದಕ್ಕೆ ಸಹಿ ಹಾಕಿಸಿಕೊಳ್ಳಿ.